ನೀರುಗಂಟಿಯ ಮಗಳ ಆನ್‌ಲೈನ್ ಎಂ.ಎಸ್ಸಿ.

ದಿನಾಂಕ: 9-6-2025
ಸ್ಥಳ: ಹೊಳೆನರಸೀಪುರ

ಇಂದ,
ಶೋಭಿತಾ ಡಿ., ಬಿ.ಸಿ.ಎ.,
ಕಂಪ್ಯೂಟರ್ ವಿಜ್ಞಾನ ವಿಭಾಗ
(ಸಂಬಳದ ಪಟ್ಟಿಯಲ್ಲಿ ಲ್ಯಾಬ್ ಸಹಾಯಕಿ, ವೇಳಾಪಟ್ಟಿಯಲ್ಲಿ ಉಪನ್ಯಾಸಕಿ)
ವಾಸ: ಮಲ್ಲಿಪಟ್ಟಣ, ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ

ಗೆ,
ಮಾನ್ಯ ಗೌರವ ಕಾರ್ಯದರ್ಶಿಗಳು,
ಕಾಲೇಜು ಆಡಳಿತ ಮಂಡಳಿ, ಹೊಳೆನರಸೀಪುರ
(ಮೊಕ್ಕಾಂ: ಚನ್ನರಾಯಪಟ್ಟಣ)

ವಿಷಯ: ಕಡಿಮೆ ಶುಲ್ಕದ ಆನ್‌ಲೈನ್ ಎಂ.ಎಸ್ಸಿ. (ಕಂಪ್ಯೂಟರ್ ವಿಜ್ಞಾನ) ಕೋರ್ಸಿಗೆ ಸೇರಲು ನಿರಾಕ್ಷೇಪಣಾ ಪತ್ರ ಹಾಗೂ ಬೋಧನಾ ಅನುಭವ ಪ್ರಮಾಣಪತ್ರ ದಯಪಾಲಿಸುವ ಬಗ್ಗೆ.

ಉಲ್ಲೇಖ:
1. ದಿನಾಂಕ 3-5-2025ರ ಸಿಬ್ಬಂದಿ ಸಭೆಯಲ್ಲಿ ತಾವು ನೀಡಿದ ಮೌಖಿಕ ಆದೇಶ.
2. ವಿಭಾಗದ ಮುಖ್ಯಸ್ಥರು ಎರಡು ವರ್ಷಗಳಿಂದ ಶನಿವಾರಗಳಂದು ನೀಡುತ್ತ ಬಂದ ಮೌಖಿಕ ಆದೇಶಗಳು, ಒಟ್ಟು ನಲವತ್ತೊಂದು.
3. ನಮ್ಮ ಕಾಲೇಜಿನಲ್ಲಿ ಲಿಖಿತ ಆದೇಶ ಕೊಡುವ ಪದ್ಧತಿ ಇಲ್ಲದ ಕಾರಣ ಬೇರೆ ಉಲ್ಲೇಖ ಇರುವುದಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೆಳಕಂಡ ಅಂಶಗಳನ್ನು ತಮ್ಮ ಘನ ಗಮನಕ್ಕೆ ತರಬಯಸುತ್ತೇನೆ. ಅರ್ಜಿ ಒಂದು ಪುಟ ಮೀರಬಾರದೆಂಬುದು ತಮ್ಮ ಕಚೇರಿಯ ನಿಯಮವೆಂದು ಬಲ್ಲೆ. ಆದರೆ ಈ ಕಾಲೇಜಿಗೆ ಸೇರಿದ ಮೇಲೆ ನಾನು ನನ್ನದೇ ಹೆಸರಿನಲ್ಲಿ ಬರೆಯುತ್ತಿರುವ ಮೊದಲನೆಯ ಬರಹ ಇದಾದ್ದರಿಂದ ಸ್ವಲ್ಪ ಉದ್ದವಾಗಿದೆ. ಮನ್ನಿಸಬೇಕು.

1. ನಾನು 2017ನೇ ಇಸವಿಯ ಜುಲೈ ತಿಂಗಳಲ್ಲಿ ತಮ್ಮ ಕಾಲೇಜಿಗೆ ಲ್ಯಾಬ್ ಸಹಾಯಕಿಯಾಗಿ ಸೇರಿದೆನು. ಬೆಳಗ್ಗೆ ಯು.ಪಿ.ಎಸ್. ಹಾಕುವುದು, ಮೌಸುಗಳನ್ನು ಎಣಿಸುವುದು, ಸಂಜೆ ಯು.ಪಿ.ಎಸ್. ಆರಿಸುವುದು, ಮೌಸುಗಳನ್ನು ಮತ್ತೆ ಎಣಿಸುವುದು ನನ್ನ ಕೆಲಸವಾಗಿತ್ತು. ಸೇರಿದ ಮೂರನೇ ವಾರದಲ್ಲಿ ಪಾಠ ಮಾಡುತ್ತಿದ್ದ ಮೇಡಂ ಮದುವೆಯಾಗಿ ಹೊರಟುಹೋದ ಕಾರಣ, ವಿಭಾಗದ ಪ್ರಭಾರ ಮುಖ್ಯಸ್ಥರಾದ ಶ್ರೀ ಪರಮೇಶ್ ಸರ್ ಅವರು ನನ್ನನ್ನು ಕರೆದು, "ಒಂದ್ ಅದಿನೈದು ದಿನ ಮ್ಯಾನೇಜ್ ಮಾಡ್ಬುಡಮ್ಮ, ಬ್ಯಾರೆಯೋರು ಬತ್ತಾರೆ" ಎಂದರು. ಆ ಹದಿನೈದು ದಿನಕ್ಕೆ ಮುಂದಿನ ತಿಂಗಳು ಎಂಟು ವರ್ಷ ತುಂಬುತ್ತದೆ. ಬೇರೆಯವರು ಇನ್ನೂ ಬಂದಿಲ್ಲ. ಬಿ.ಸಿ.ಎ. ಮೂರೂ ವರ್ಷದ ಪಾಠ ನನ್ನದೇ ಆಗಿದ್ದು, ಮೌಸುಗಳನ್ನೂ ನಾನೇ ಎಣಿಸುತ್ತಿದ್ದೇನೆ. ಪರಮೇಶ್ ಸರ್ ಅವರು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ., ಕಂಪ್ಯೂಟರಿನಲ್ಲಿ ಆರು ತಿಂಗಳ ಡಿಪ್ಲೊಮಾ ಮಾಡಿದವರು. ಹಾಸನದಿಂದ ಹತ್ತೂವರೆಗೆ ಬಂದು ಮುಟ್ಟುವ ಬಸ್ಸಿನಲ್ಲಿ ಬರುತ್ತಾರೆ, ಎರಡೂವರೆಗೆ ಬಿಡುವ ಬಸ್ಸಿನಲ್ಲಿ ಹೋಗುತ್ತಾರೆ. ನಡುವಿನ ಅವಧಿಯಲ್ಲಿ ವಿಭಾಗದ ಮುಖ್ಯಸ್ಥರಾಗಿರುತ್ತಾರೆ.

2. ಉಲ್ಲೇಖ (1)ರ ಸಭೆಯಲ್ಲಿ ತಾವು, ಸ್ನಾತಕೋತ್ತರ ಪದವಿ ಇಲ್ಲದವರು ಜೂನ್ ಮೂವತ್ತರೊಳಗೆ ಪದವಿಯನ್ನೋ, ಕೋರ್ಸಿಗೆ ಸೇರಿದ ರಸೀದಿಯನ್ನೋ ತೋರಿಸಬೇಕೆಂದೂ, ತಪ್ಪಿದರೆ ಜುಲೈ ಒಂದರಿಂದ ಬರಬೇಕಾಗಿಲ್ಲವೆಂದೂ ಆದೇಶಿಸಿದಿರಿ. "ಡಿಗ್ರಿ ಇದ್ರೆ ಇರ್ಬೋದು, ಇಲ್ದಿದ್ರೆ ಓಗ್ಬೋದು, ನಮ್ದೇನೂ ಬಲವಂತ ಇಲ್ಲ" ಎಂಬ ತಮ್ಮ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬಿದ್ದಿತು. ನಾನೂ ತಟ್ಟಿದೆನು. ಕಂಪ್ಯೂಟರ್ ವಿಭಾಗಕ್ಕೆ ಪದವಿ ಪಡೆದವರು ಒಬ್ಬರಿದ್ದರೆ ಸಾಕು, ಇಬ್ಬರನ್ನು ಸಾಕಲು ಕಾಲೇಜಿಗೆ ಶಕ್ತಿ ಇಲ್ಲ ಎಂದೂ ತಾವು ಹೇಳಿದ್ದುಂಟು. ಆ ಒಬ್ಬರು ಯಾರೆಂದು ಆ ದಿನ ನನಗೆ ತಿಳಿಯಲಿಲ್ಲ. ನಾನೇ ಇರಬಹುದೆಂದು ಎಣಿಸಿದೆನು. ಎಂಟು ವರ್ಷ ಪಾಠ ಮಾಡಿದವರಿಗೆ ಇಂಥ ಭ್ರಮೆಗಳು ಬರುವುದು ಸಹಜ.

3. ಅದರಂತೆ ಮಾರನೆಯ ದಿನವೇ ಕೋರ್ಸು ಹುಡುಕಲು ಆರಂಭಿಸಿದೆನು. ಕೆಲಸ ಬಿಟ್ಟು ಮೈಸೂರಿಗೆ ಹೋಗಿ ಓದುವಂತಿಲ್ಲ, ಏಕೆಂದರೆ ಓದಬೇಕಾಗಿರುವುದೇ ಕೆಲಸ ಉಳಿಸಿಕೊಳ್ಳಲು. ಆದ್ದರಿಂದ ಆನ್‌ಲೈನ್. ತಾವು ಕೊಡುವ ಸಂಬಳ ಹದಿನಾಲ್ಕು ಸಾವಿರ. ಆದ್ದರಿಂದ ಅಗ್ಗದ್ದು. ಈ ಎರಡು ಆದ್ದರಿಂದಗಳ ನಡುವೆ ಸಿಕ್ಕಿದವು ಮೂರೇ ಕೋರ್ಸು.

ಮೊದಲನೆಯದು ಅಮೆರಿಕದ್ದು. ಜಗತ್ತಿನಲ್ಲೇ ಇಷ್ಟು ಅಗ್ಗದ ಪದವಿ ಇಲ್ಲವೆಂದು ಜಾಲತಾಣದಲ್ಲಿ ಬರೆದುಕೊಂಡಿದ್ದರು. ನಮ್ಮ ರೂಪಾಯಿಗೆ ತಿರುಗಿಸಿ ನೋಡಿದರೆ ಆರು ಲಕ್ಷ. ಅವರ ಜಗತ್ತಿನ ನಕ್ಷೆಯಲ್ಲಿ ಅರಕಲಗೂಡು ತಾಲ್ಲೂಕು ಸೇರಿಲ್ಲವೆಂದು ಕಾಣುತ್ತದೆ.

ಎರಡನೆಯದು ಹೊರರಾಜ್ಯದ ಒಂದು ಖಾಸಗಿ ಸಂಸ್ಥೆಯದು. ಒಮ್ಮೆ ನಂಬರು ಕೊಟ್ಟಿದ್ದಕ್ಕೆ ದಿನಕ್ಕೆ ಏಳು ಸಲ ಕರೆ ಮಾಡಿದರು. "ಮ್ಯಾಮ್, ನೀವು ಫೀಸ್ ಕಟ್ಬಿಡಿ ಸಾಕು, ಮಿಕ್ಕಿದ್ದೆಲ್ಲ ನಾವ್ ನೋಡ್ಕೋತೀವಿ" ಎಂದರು. ಪರೀಕ್ಷೆ ಎಂದೆ. ಅದನ್ನೂ ನೋಡಿಕೊಳ್ಳುತ್ತಾರಂತೆ. 2023ರಲ್ಲೇ ಪಾಸಾದಂತೆ ಅಂಕಪಟ್ಟಿ ಬೇಕಾದರೆ ಅದಕ್ಕೆ ಬೇರೆ ದರವಂತೆ. ಓದದೆ ಪಾಸಾಗುವುದು ನನಗೆ ಒಗ್ಗಲಿಲ್ಲ. ಪಾಸಾಗದೆ ಓದುವುದೂ ಒಂದಿದೆಯೆಂದು ಆಗಿನ್ನೂ ಗೊತ್ತಿರಲಿಲ್ಲ.

ಮೂರನೆಯದು ಮರ್ಯಾದಸ್ತ ವಿಶ್ವವಿದ್ಯಾಲಯ. ಮಾನ್ಯತೆ ಇದೆ, ಪರೀಕ್ಷೆ ಹಾಸನದಲ್ಲಿ, ಫೀಸನ್ನು ಕಂತಿನಲ್ಲಿ ಕಟ್ಟಬಹುದು. ಸೇವೆಯಲ್ಲಿರುವ ಉಪನ್ಯಾಸಕರಿಗೆ ರಿಯಾಯಿತಿಯೂ ಇದೆ. ಅದಕ್ಕಾಗಿ ಬೇಕಾದದ್ದು ಕಾಲೇಜಿನಿಂದ ಒಂದು ನಿರಾಕ್ಷೇಪಣಾ ಪತ್ರ, ಒಂದು ಅನುಭವ ಪ್ರಮಾಣಪತ್ರ. ಇದೇ ಕೋರ್ಸು ಎಂದು ತೀರ್ಮಾನಿಸಿದೆನು.

4. ಈ ತೀರ್ಮಾನವನ್ನು ಮನೆಯಲ್ಲಿ ತಿಳಿಸಿದೆನು. ನನ್ನ ತಂದೆ ದ್ಯಾವಯ್ಯನವರು ಮಲ್ಲಿಪಟ್ಟಣದಲ್ಲಿ ಇಪ್ಪತ್ತಾರು ವರ್ಷಗಳಿಂದ ನೀರುಗಂಟಿಯಾಗಿದ್ದು, ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು ಅವರ ಉದ್ಯೋಗ. ಅವರು, "ಎಂಟೊರ್ಸದಿಂದ ಪಾಠ ಯೋಳ್ಕೊಡೋಳ್ಗೆ ಇನ್ನೂ ಓದ್ಕಂಬಾ ಅಂದ್ರಾ? ಆಗ್ಲಿ ಬುಡು. ಓದು ಕಣವ್ವ. ಒಲ ಕಿತ್ಕಬೋದು, ಮನೆ ಕಿತ್ಕಬೋದು. ಓದ್ನ ಯಾವನೂ ಕಿತ್ಕಳಾಕಾಗಕ್ಕಿಲ್ಲ" ಎಂದರು. ನನ್ನ ತಾಯಿ ಮುದ್ದಮ್ಮನವರು ಎರಡು ಕುರಿ ಮಾರಿದರು. ಮೊದಲ ಕಂತಿಗೆ ಸರಿಹೋಯಿತು.

5. ಆ ಮೂರನೇ ಕೋರ್ಸಿಗೆ ಸೇರಿಸಿಕೊಳ್ಳುವ ಕೆಲಸ ನೋಡುವ ರಂಜಿತಾ ಎಂಬ ಹುಡುಗಿ ಮೇ ಇಪ್ಪತ್ತೊಂದರಂದು ಕರೆ ಮಾಡಿದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಕಲಿಸುವ ಮಟ್ಟ ಹೇಗಿದೆ ಎಂದು ಕೇಳಿದ್ದಕ್ಕೆ ಅವಳು, "ಡೌಟೇ ಬೇಡ ಮ್ಯಾಮ್. ನಿಮ್ ಹಾಸನ ಡಿಸ್ಟ್ರಿಕ್ಟಿನವರೇ ಒಬ್ರು ಫೈನಲ್ ಸೆಮ್‌ನಲ್ಲಿದ್ದಾರೆ, ಅಸೈನ್‌ಮೆಂಟ್‌ನಲ್ಲಿ ಅವರೇ ನಮ್ ಟಾಪರ್. ಅವರ ಅಸೈನ್‌ಮೆಂಟ್‌ನ ನಾವು ಎಲ್ಲರಿಗೂ ಮಾದರಿ ಅಂತ ತೋರಿಸ್ತೀವಿ. ಕಳಿಸ್ಲಾ?" ಎಂದಳು. ಕಳಿಸು ಎಂದೆ. ಅರಕಲಗೂಡು ಬಸ್ ನಿಲ್ದಾಣದಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತ ನಿಂತು ಮೊಬೈಲಿನಲ್ಲಿ ತೆರೆದೆನು. ಇಪ್ಪತ್ತೆರಡು ಪುಟ. ಮೇಲೆ ಹೆಸರು: ಪರಮೇಶ್. ಕೆಳಗೆ ನಮ್ಮ ಕಾಲೇಜಿನ ವಿಳಾಸ.

ಮೊದಲು ಸಂತೋಷವೇ ಆಯಿತೆಂದು ಹೇಳಲು ನಾಚಿಕೆಯಾಗುತ್ತದೆ. ನಮ್ಮ ಸರ್ ಕೂಡ ಓದುತ್ತಿದ್ದಾರಲ್ಲ, ಪಾಪ, ಈ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಎಂದುಕೊಂಡೆ. ಆಮೇಲೆ ಎರಡನೇ ಪುಟಕ್ಕೆ ಬಂದೆ.

6. ಎರಡನೇ ಪುಟದಲ್ಲಿ ಒಂದು ಲೆಕ್ಕವಿತ್ತು. ಹಲವು ಊರುಗಳ ನಡುವೆ ಅತಿ ಕಡಿಮೆ ಸಮಯ ಹಿಡಿಯುವ ದಾರಿಯನ್ನು ಕಂಪ್ಯೂಟರ್ ಹೇಗೆ ಹುಡುಕುತ್ತದೆ, ಉದಾಹರಣೆ ಸಹಿತ ವಿವರಿಸಿ. ಉತ್ತರದಲ್ಲಿದ್ದ ಉದಾಹರಣೆ: ಮಲ್ಲಿಪಟ್ಟಣದಿಂದ ಬಾಗೂರಿಗೆ ಹೋಗಬೇಕಾಗಿದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ಹೋಗಬೇಕೋ, ಹಾಸನದ ಮೇಲೆ ಸುತ್ತಿಕೊಂಡು ಹೋಗಬೇಕೋ? ಬಸ್ಸು ಓಡುವ ಸಮಯವನ್ನಷ್ಟೇ ಅಲ್ಲದೆ ಒಂದೊಂದು ನಿಲ್ದಾಣದಲ್ಲಿ ಕಾಯುವ ಸಮಯವನ್ನೂ ಸೇರಿಸಿ ಕೂಡಿಸಲಾಗಿತ್ತು. ಬಾಗೂರು ನನ್ನ ತಾಯಿಯ ತವರು. ಚಿಕ್ಕಂದಿನಿಂದ ಆ ದಾರಿಯಲ್ಲಿ ನಾನು ಕಾಯದ ನಿಲ್ದಾಣವಿಲ್ಲ. ಪರಮೇಶ್ ಸರ್ ಅವರಿಗೆ ಮಲ್ಲಿಪಟ್ಟಣದಿಂದ ಬಾಗೂರಿಗೆ ಹೋಗುವಂಥ ಯಾವ ಜರೂರೂ ಇರುವುದಾಗಿ ವಿಭಾಗದ ದಾಖಲೆಗಳಲ್ಲಿ ಕಂಡುಬರುವುದಿಲ್ಲ.

ಒಂಬತ್ತನೇ ಪುಟದಲ್ಲಿ, ಒಂದೇ ಕಂಪ್ಯೂಟರ್ ಹಲವು ಕೆಲಸಗಳಿಗೆ ಸರದಿಯ ಮೇಲೆ ಸಮಯ ಹಂಚುವುದು ಹೇಗೆ ಎಂಬ ಪ್ರಶ್ನೆ. ಅದರ ಉತ್ತರವನ್ನು ಯಥಾವತ್ತು ಕನ್ನಡಕ್ಕೆ ತಂದು ನಮೂದಿಸುತ್ತಿದ್ದೇನೆ: "ನನ್ನ ತಂದೆ ಮಲ್ಲಿಪಟ್ಟಣದ ನೀರುಗಂಟಿ. ಇರುವುದು ಒಂದು ಟ್ಯಾಂಕು, ಬೀದಿಗಳು ಹನ್ನೊಂದು. ಅವರು ಒಂದೊಂದು ಬೀದಿಗೆ ಇಪ್ಪತ್ತು ನಿಮಿಷ ನೀರು ಬಿಟ್ಟು, ಯಾರು ಎಷ್ಟು ಕೂಗಾಡಿದರೂ ವಾಲ್ವ್ ತಿರುಗಿಸಿ ಮುಂದಿನ ಬೀದಿಗೆ ಹೋಗುತ್ತಾರೆ. ಬಿಂದಿಗೆ ತುಂಬದವರು ಮುಂದಿನ ಸರದಿಯವರೆಗೆ ಕಾಯಬೇಕು. ಇದರಿಂದ ಯಾವ ಬೀದಿಯೂ ಪೂರ್ತಿ ಒಣಗುವುದಿಲ್ಲ."

ನನ್ನ ತಂದೆ ಎಂದೇ ಇತ್ತು. ನಕಲು ಇಳಿಸುವಾಗ ಅಪ್ಪನನ್ನಾದರೂ ಬದಲಾಯಿಸಿಕೊಳ್ಳಬೇಕೆಂಬ ಕನಿಷ್ಠ ತಿಳುವಳಿಕೆ ಇಲ್ಲದವರು ಒಂದು ವಿಭಾಗದ ಮುಖ್ಯಸ್ಥರಾಗಿರುವುದನ್ನು ಆಡಳಿತ ಮಂಡಳಿಯ ಅವಗಾಹನೆಗೆ ತರುತ್ತಿದ್ದೇನೆ. ಸರ್ ಅವರ ತಂದೆ ಹಾಸನದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರಾಗಿದ್ದು, ಅವರು ಯಾವ ವಾಲ್ವನ್ನೂ ತಿರುಗಿಸಿದ ಮಾಹಿತಿ ಇಲ್ಲ.

7. ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದೆ ವಿಧಿಯಿಲ್ಲ. 2019ರಲ್ಲಿ ನಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಮಲ್ಲಿಪಟ್ಟಣದಲ್ಲೇ ನಡೆಯಿತು. ಪರಮೇಶ್ ಸರ್ ನಮ್ಮ ಕೇರಿಗೂ ಬಂದು ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಬಿಸಿಲಿತ್ತು. ನನ್ನ ತಾಯಿ ಲೋಟದಲ್ಲಿ ನೀರು ತಂದರು. ಸರ್, "ಈಗಷ್ಟೇ ಕುಡ್ದೆ ಕಣಮ್ಮ, ಬ್ಯಾಡ" ಎಂದು ಕೈ ಆಡಿಸಿದರು. ಜಗಲಿ ಇಳಿದು ನಾಲ್ಕು ಹೆಜ್ಜೆ ಹೋಗಿ ಚೀಲದಿಂದ ಬಾಟಲಿ ತೆಗೆದು ಗಟಗಟನೆ ಕುಡಿದರು. ನಾವು ಬಾಗಿಲಲ್ಲೇ ನಿಂತಿದ್ದೆವು. ಊರಿಗೆಲ್ಲ ನೀರು ಬಿಡುವ ಮನುಷ್ಯನ ಮನೆಯ ನೀರು ಆ ದಿನ ಅವರಿಗೆ ಬೇಡವಾಗಿತ್ತು. ಅಂಕ ಬರುವುದಾದರೆ ಅದೇ ಮನುಷ್ಯ ಅಪ್ಪನಾಗಲು ಅಡ್ಡಿಯಿಲ್ಲವೆಂದು ಈಗ ತಿಳಿದುಬಂದಿದೆ. ಆ ಪ್ರಶ್ನೆಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿದೆ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಕಚೇರಿ ಭಾಷೆಯಲ್ಲಿ ಇದಕ್ಕೆ ಬೇರೆ ಪದ ಇದ್ದರೆ ತಾವೇ ತಿದ್ದಿಕೊಳ್ಳಬಹುದು.

8. ನನ್ನ ಉತ್ತರಗಳು ಅವರ ಕೈಗೆ ಹೋದದ್ದು ಹೇಗೆಂದರೆ, ಉಲ್ಲೇಖ (2)ರಂತೆ. ಕಾಲೇಜುಗಳಿಗೆ ದರ್ಜೆ ಕೊಡಲು ನ್ಯಾಕ್ ತಂಡ ಬರುತ್ತದೆಂಬುದು ತಮಗೆ ತಿಳಿದೇ ಇದೆ. ನಮ್ಮ ಕಾಲೇಜಿಗೆ ಅದು ಎರಡು ವರ್ಷದಿಂದ ಬರುತ್ತಲೇ ಇದೆ, ಇನ್ನೂ ಬಂದಿಲ್ಲ. ಈ ಎರಡು ವರ್ಷದಲ್ಲಿ ನಮ್ಮಲ್ಲಿ ಹೆಸರಿಲ್ಲದ ಕೆಲಸಕ್ಕೆಲ್ಲ ನ್ಯಾಕ್ ಕೆಲಸವೆಂದೇ ಹೆಸರು. ಗೋಡೆಗೆ ಸುಣ್ಣ ಬಳಿಯುವುದು ನ್ಯಾಕ್ ಕೆಲಸ, ಪ್ರಾಂಶುಪಾಲರ ಮೊಮ್ಮಗನ ನಾಮಕರಣದ ಆಮಂತ್ರಣ ಟೈಪು ಮಾಡುವುದು ನ್ಯಾಕ್ ಕೆಲಸ. ಹೀಗಿರಲಾಗಿ, ಶನಿವಾರದ ಮಧ್ಯಾಹ್ನ ಪರಮೇಶ್ ಸರ್ ಒಂದು ಪ್ರಶ್ನೆಗಳ ಹಾಳೆ ಕೊಟ್ಟು, "ಶೋಭಿತಾ, ಮಾದರಿ ಉತ್ತರ ಬೇಕಂತೆ, ನ್ಯಾಕ್ ಕೆಲ್ಸ. ಸ್ವಂತ ಉದಾರಣೆ ಕೊಟ್ಟು ಬರಿಬೇಕು, ಪುಸ್ತಕದ್ದು ನಡೆಯಕ್ಕಿಲ್ವಂತೆ. ಸ್ವಾಮಾರ ತಂದ್ಬುಡು" ಎನ್ನುತ್ತಿದ್ದರು. ನ್ಯಾಕ್ ಎಂದ ಮೇಲೆ ಯಾಕೆ ಎನ್ನುವಂತಿಲ್ಲ. ಭಾನುವಾರಗಳನ್ನು ಕೊಟ್ಟು, ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಂಡು, ಅಕ್ಕರೆಯಿಂದ ಬರೆದೆನು. ಒಟ್ಟು ನಲವತ್ತೊಂದು. ಕಾಲೇಜಿಗೆ ಒಳ್ಳೆಯ ದರ್ಜೆ ಸಿಗಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಆ ಕೋರ್ಸಿನ ಪಠ್ಯಕ್ರಮವನ್ನು ಈಗ ತೆಗೆದು ನೋಡಿದರೆ, ನಾಲ್ಕೂ ಸೆಮಿಸ್ಟರಿನ ಅಸೈನ್‌ಮೆಂಟುಗಳು ಸರಿಯಾಗಿ ನಲವತ್ತೊಂದು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಂದರೆ ನಾನು ಎಂ.ಎಸ್ಸಿ. ಓದಿ ಮುಗಿಸಿದ್ದೇನೆ. ಪಾಸಾಗುತ್ತಿರುವವರು ಮಾತ್ರ ಬೇರೆಯವರು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಕೇಳಿದ್ದೆ. ನಮ್ಮ ವಿಭಾಗದಲ್ಲಿ ಅಡುಗೆಯೂ ನನ್ನದು, ಬಡಿಸಿದ್ದೂ ನಾನೇ, ತೇಗಿದವರು ಸರ್.

ಹಾಸನದಲ್ಲಿ ನಡೆಯುವ ಲಿಖಿತ ಪರೀಕ್ಷೆಗಳನ್ನು ಸರ್ ಸ್ವತಃ ಬರೆದಿದ್ದಾರೆಂದು ಒಪ್ಪಿಕೊಳ್ಳಬೇಕು. ಜಾಲತಾಣದ ಫಲಿತಾಂಶ ಪಟ್ಟಿಯಂತೆ ಅವುಗಳಲ್ಲಿ ಮೂವತ್ತೈದು, ಮೂವತ್ತಾರು ಬಂದಿದೆ. ಅಸೈನ್‌ಮೆಂಟಿನಲ್ಲಿ ತೊಂಬತ್ತೆಂಟು. ಒಬ್ಬನೇ ವಿದ್ಯಾರ್ಥಿಗೆ ಹೀಗೆ ಹೇಗೆ ಬರುತ್ತದೆಂದು ಅಲ್ಲಿ ಯಾರೂ ಕೇಳಿದಂತಿಲ್ಲ. ಸರಾಸರಿ ತೆಗೆದರೆ ಎಲ್ಲವೂ ಸರಿಹೋಗುತ್ತದೆ.

9. ಈ ಬಗ್ಗೆ ಮೇ ಇಪ್ಪತ್ತಮೂರರಂದು ಲ್ಯಾಬಿನಲ್ಲಿ ಸರ್ ಅವರನ್ನೇ ಕೇಳಿದೆನು. ಅವರು ಗಾಬರಿಯಾಗಲಿಲ್ಲ. ಬೇಸರಪಟ್ಟುಕೊಂಡರು.

"ಅಲ್ಲ ಕಣಮ್ಮ, ನಾನು ಪಾಸಾದ್ರೆ ಡಿಪಾರ್ಟ್‌ಮೆಂಟು ಪಾಸಾದಂಗಲ್ವಾ? ನೀನು ಡಿಪಾರ್ಟ್‌ಮೆಂಟಿನೋಳು ತಾನೆ?"

"ನಮ್ಮಪ್ಪನ್ನ ಯಾಕೆ ಸಾ ಬರ್ಕೊಂಡ್ರಿ?"

"ಯಾರ್ನ?"

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಲವತ್ತೊಂದರಲ್ಲಿ ಒಂದನ್ನೂ ಅವರು ಓದಿರಲಿಲ್ಲ. ಒಂಬತ್ತನೇ ಪುಟ ತೋರಿಸಿದೆ. ಕನ್ನಡಕ ಏರಿಸಿ ಓದಿ, "ಓ, ಚೆನ್ನಾಗ್ ಬರ್ದಿದ್ದೀಯ" ಎಂದರು.

ಆಮೇಲೆ ಕುರ್ಚಿ ಎಳೆದುಕೊಂಡು, ಹಿರಿಯರು ಬುದ್ಧಿ ಹೇಳುವ ಧಾಟಿಯಲ್ಲಿ ಹೇಳಿದರು: "ಸೆಕ್ರೆಟರಿ ಸಾಹೇಬ್ರು ಒಂದೇ ಪೋಸ್ಟು ಅಂದವ್ರೆ. ಅದು ಸೀನಿಯಾರಿಟಿ ಮ್ಯಾಲೆ ನಂಗೇ ಆಯ್ತದೆ. ನಿಂಗೂ ಇದ್ರಿಂದ ಪ್ರಾಕ್ಟೀಸ್ ಆಯ್ತಲ್ಲ, ವಿದ್ಯೆ ಎಲ್ಲೂ ಓಗಕ್ಕಿಲ್ಲ. ಈಗ ಅದನ್ನೆಲ್ಲ ಬುಡು. ಬರೋ ತಿಂಗ್ಳು ಇಪ್ಪತ್ತನೇ ತಾರೀಕು ಬೆಳಗ್ಗೆ ಅನ್ನೊಂದೂವರೆಗೆ ನಂದು ವೈವಾ ಐತೆ, ಇಲ್ಲೇ ಲ್ಯಾಬಿಂದ. ಅವ್ರು ಅಲ್ಲಿಂದ ಕ್ವಶ್ಚನ್ ಕೇಳ್ತಾರೆ. ನೀನು ಕ್ಯಾಮೆರಾಗೆ ಕಾಣ್ದಂಗೆ ಎದುರ್ಗಡೆ ಬೋರ್ಡತ್ರ ನಿಂತ್ಕೊಂಡು ಉತ್ರ ಬರೀತಾ ಓಗು. ದಪ್ಪ ಅಕ್ಷರದಲ್ಲಿ ಬರಿ, ನಂಗೆ ದೂರದ್ದು ಕಾಣಕ್ಕಿಲ್ಲ. ಅದೊಂದು ಮುಗೀಲಿ, ಆಮ್ಯಾಕೆ ನಿನ್ ವಿಷ್ಯ ಮಾತಾಡಣ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಎಂಟು ವರ್ಷದ ಅಭ್ಯಾಸ, ಬಾಯಿ ತಕ್ಷಣಕ್ಕೆ ಬರುವುದಿಲ್ಲ. ಬಂದ ಮೌನವನ್ನು ಅವರು ಒಪ್ಪಿಗೆ ಎಂದು ನಮೂದಿಸಿಕೊಂಡರು.

10. ಇಷ್ಟಾದರೂ ಬುದ್ಧಿ ಬಾರದೆ, ಅಗ್ಗವೂ ಒಳ್ಳೆಯದೂ ಆದ ಆ ಮೂರನೇ ಕೋರ್ಸಿಗೇ ಸೇರೋಣವೆಂದುಕೊಂಡೆನು. ಪಾಠವೆಲ್ಲ ಬರುತ್ತದೆ, ಉತ್ತರಗಳೆಲ್ಲ ಕೈಯಲ್ಲಿವೆ, ಓದಿದ್ದನ್ನೇ ಇನ್ನೊಮ್ಮೆ ನನ್ನ ಹೆಸರಿನಲ್ಲಿ ಬರೆದು ಕೊಟ್ಟರಾಯಿತು. ರಂಜಿತಾಳಿಗೆ ಕರೆ ಮಾಡಿ, ಯಾರ ಹೆಸರನ್ನೂ ಹೇಳದೆ, ನನ್ನ ಉತ್ತರ ಹಳೆಯ ವಿದ್ಯಾರ್ಥಿಯೊಬ್ಬರ ಉತ್ತರಕ್ಕೆ ಹೋಲಿದರೆ ಏನಾಗುತ್ತದೆಂದು ಕೇಳಿದೆನು.

"ಅಯ್ಯೋ ಮ್ಯಾಮ್, ಹಂಗೆಲ್ಲ ಮಾಡ್ಬೇಡಿ. ನಮ್ಮಲ್ಲಿ ಕಾಪಿ ಹಿಡಿಯೋ ಸಾಫ್ಟ್‌ವೇರ್ ಇದೆ. ಹಳೇದೆಲ್ಲ ಅದ್ರಲ್ಲಿದೆ. ಒಂದ್ ಪ್ಯಾರಾ ಮ್ಯಾಚ್ ಆದ್ರೂ ಡಿಬಾರ್ ಮಾಡ್ತಾರೆ. ಅದ್ರಲ್ಲೂ ಆ ಟಾಪರ್ ಸರ್‌ದು ಮಾತ್ರ ಮುಟ್ಟಲೇಬೇಡಿ, ಎಲ್ರಿಗೂ ಗೊತ್ತಿರೋದು ಅದು" ಎಂದಳು.

ಅಂದರೆ, ನಾನು ನನ್ನ ಅಪ್ಪನ ಬಗ್ಗೆ ಬರೆದರೆ ಪರಮೇಶ್ ಸರ್ ಅವರ ಅಪ್ಪನನ್ನು ಕದ್ದಂತಾಗುತ್ತದೆ. ನನ್ನ ತಾಯಿಯ ತವರಿಗೆ ಬಸ್ಸು ಹತ್ತಿದರೆ ಡಿಬಾರ್ ಆಗುತ್ತೇನೆ. ಬೇರೆ ಉದಾಹರಣೆ ಹಾಕೋಣವೆಂದರೂ, ನಲವತ್ತೊಂದು ಉತ್ತರಗಳಲ್ಲಿ ನನ್ನ ವಾಕ್ಯಗಳ ಧಾಟಿಯೇ ಅವರ ಹೆಸರಿನಲ್ಲಿ ದಾಖಲಾಗಿದೆ. ಕದ್ದವರು ನೆಮ್ಮದಿಯಾಗಿದ್ದು, ಒಡವೆಯ ಯಜಮಾನಿಯನ್ನು ಹಿಡಿಯಲು ಯಂತ್ರ ಇಟ್ಟಿರುವುದು ಈ ಕಾಲದ ಸಾಧನೆ. ಬೇರೆ ಕೋರ್ಸು ಆರಿಸಿಕೊಳ್ಳೋಣವೆಂದರೆ ಉಳಿದಿರುವುದು ಆರು ಲಕ್ಷದ್ದು ಒಂದು, ಓದದೆ ಪಾಸು ಮಾಡಿಸುವುದು ಇನ್ನೊಂದು. ನನ್ನ ಪಾಲಿಗಿದ್ದ ಒಂದೇ ಅಗ್ಗದ ದಾರಿಗೆ ನನ್ನ ಕೈಬರಹದಿಂದಲೇ ಬೇಲಿ ಬಿದ್ದಿದೆ.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ತಾಯಿ ಕುರಿಯ ದುಡ್ಡಿನ ಮಾತೆತ್ತಲಿಲ್ಲ. ತಂದೆ, "ನಿನ್ ಮಾರ್ಕ್ಸು ಓಯ್ತು ಸರಿ. ನನ್ನೂ ಎತ್ತಾಕ್ಕೊಂಡು ಓಗವ್ನಲ್ಲವ್ವ" ಎಂದರು. ನಗಲು ಹೋದರು, ಆಗಲಿಲ್ಲ. ಓದನ್ನು ಯಾರೂ ಕಿತ್ತುಕೊಳ್ಳಲಾಗದು ಎಂದು ಇಪ್ಪತ್ತು ವರ್ಷ ನಂಬಿ ನನ್ನನ್ನು ಓದಿಸಿದ ಮನುಷ್ಯ ಅವರು. ಆ ರಾತ್ರಿ ನಾನು ಅವರ ಮುಖ ನೋಡಲು ಹೆದರಿದೆ. ಈ ಒಂದು ವಾಕ್ಯಕ್ಕೆ ಯಾವ ದಾಖಲೆಯನ್ನೂ ಲಗತ್ತಿಸಲು ಸಾಧ್ಯವಾಗಿಲ್ಲ.

11. ಕಾಲೇಜಿನ ಅರ್ಜಿಗಳು ಸೂಕ್ತ ಮಾರ್ಗದಲ್ಲಿ, ಅಂದರೆ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಬರಬೇಕೆಂಬ ನಿಯಮವಿದೆ. ಕಚೇರಿಯಲ್ಲಿ ಟಪಾಲು ಸ್ವೀಕರಿಸುವ ಬಸವಲಿಂಗಮ್ಮನವರು, "ಸಾಹೇಬ್ರ ಮ್ಯಾಲೇ ಅರ್ಜಿ ಆದ್ರೂ ಸಾಹೇಬ್ರ ಸೈನು ಬೇಕು ಕಣಮ್ಮ, ಇಲ್ದಿದ್ರೆ ಇನ್‌ವರ್ಡ್ ನಂಬರ್ ಬೀಳಕ್ಕಿಲ್ಲ" ಎಂದು ಸ್ಪಷ್ಟಪಡಿಸಿದರು. ಕಾರಣ, ಈ ಅರ್ಜಿಯ ಹನ್ನೊಂದು ಅಂಶಗಳನ್ನೂ ಪೂರ್ತಿ ಟೈಪು ಮಾಡಿ ಇಂದು ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಪರಮೇಶ್ ಸರ್ ಅವರ ಮುಂದೆ ಇಡಲು ನಿಶ್ಚಯಿಸಿದ್ದೇನೆ. ಅವರು ಬಸ್ಸಿಗೆ ಹೊರಡುವ ಹೊತ್ತು. ಏನಿದು ಎಂದು ಕೇಳಿದರೆ, ನ್ಯಾಕ್ ಕೆಲಸ ಸಾ, ಎನ್ನುತ್ತೇನೆ. ತಾವು ಈ ಸಾಲನ್ನು ಓದುತ್ತಿದ್ದೀರಿ ಎಂದರೆ ಅವರು "ಪರಿಶೀಲಿಸಿದೆ, ಶಿಫಾರಸು ಮಾಡಿದೆ" ಎಂದು ಬರೆದು ಸಹಿ ಹಾಕಿದ್ದಾರೆ ಎಂದೇ ಅರ್ಥ. ಈ ಸುಳ್ಳು ನನ್ನ ಸೇವಾವಧಿಯಲ್ಲಿ ಮೊದಲನೆಯದು. ಕಲಿತದ್ದು ವಿಭಾಗದಲ್ಲೇ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ತಾವು ದಯಮಾಡಿ:

(ಅ) ನನಗೆ ನಿರಾಕ್ಷೇಪಣಾ ಪತ್ರವನ್ನೂ, ಎಂಟು ವರ್ಷ ಪಾಠ ಮಾಡಿದ್ದೇನೆಂಬ ಅನುಭವ ಪ್ರಮಾಣಪತ್ರವನ್ನೂ ನೀಡಬೇಕು. ಲ್ಯಾಬ್ ಸಹಾಯಕಿ ಪಾಠ ಮಾಡಲು ಬರುವುದಿಲ್ಲವೆಂದು ಕಚೇರಿಯವರು ಆಕ್ಷೇಪಿಸಿದರೆ, ಈ ಎಂಟು ವರ್ಷ ಬಿ.ಸಿ.ಎ. ಪಾಸಾದ ಇನ್ನೂರ ಎಂಬತ್ತು ಮಕ್ಕಳಿಗೆ ಪಾಠ ಮಾಡಿದವರು ಯಾರೆಂದು ಅದೇ ಕಚೇರಿಯಿಂದ ಲಿಖಿತ ಉತ್ತರ ಕೊಡಿಸಬೇಕು.

(ಆ) ಆ ನಲವತ್ತೊಂದು ಉತ್ತರಗಳು ಶೋಭಿತಾಳವು ಎಂದು ಪರಮೇಶ್ ಸರ್ ಅವರಿಂದ ವಿಶ್ವವಿದ್ಯಾಲಯಕ್ಕೆ ಒಂದು ಸಾಲಿನ ಪತ್ರ ಬರೆಸಬೇಕು. ಆ ಸಾಲನ್ನು ಅವರೇ ಬರೆಯಬೇಕು. ನಾನು ಬರೆದುಕೊಡುವುದಿಲ್ಲ.

(ಇ) ಇವೆರಡೂ ಆಗದಿದ್ದ ಪಕ್ಷದಲ್ಲಿ, ನನ್ನ ತಂದೆಯನ್ನಾದರೂ ನನಗೆ ವಾಪಸು ಕೊಡಿಸಬೇಕು.

ಈ ಅರ್ಜಿಯಿಂದ ಜುಲೈ ಒಂದರ ನನ್ನ ಕೆಲಸ ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ. ಹೋಗುವುದಾದರೆ ಬಾಯಿ ಬಿಟ್ಟೇ ಹೋಗೋಣವೆಂದು ಬರೆದಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ
(ಈ ಪದಕ್ಕೆ ಬದಲಾಗಿ ಬಳಸಬಹುದಾದ ಬೇರೆ ಪದ ಅರ್ಜಿ ನಮೂನೆಯಲ್ಲಿ ಸಿಗದ ಕಾರಣ)

ಶೋಭಿತಾ ಡಿ.

ಲಗತ್ತುಗಳು:
1. ಪರಮೇಶ್ ಸರ್ ಹೆಸರಿನ ಮಾದರಿ ಅಸೈನ್‌ಮೆಂಟ್, ಇಪ್ಪತ್ತೆರಡು ಪುಟ.
2. ಅದೇ ಉತ್ತರಗಳ ನನ್ನ ಕೈಬರಹದ ಕರಡು, ಚಿತ್ತು ಸಹಿತ, ಮೂವತ್ತೊಂದು ಪುಟ. (ಚಿತ್ತು ಮಾಡಿದವರೇ ಬರೆದವರು ಎಂಬುದು ಪರೀಕ್ಷಕರಿಗೆ ತಿಳಿದ ವಿಷಯ.)
3. ಮಲ್ಲಿಪಟ್ಟಣದ ನೀರುಗಂಟಿ ದ್ಯಾವಯ್ಯನವರ ಆಧಾರ್ ಕಾರ್ಡಿನ ಪ್ರತಿ. ಮಕ್ಕಳ ವಿವರ ಅದರಲ್ಲಿ ಇಲ್ಲದ ಕಾರಣ, ಪಡಿತರ ಚೀಟಿಯ ಪ್ರತಿ. ಅದರಲ್ಲಿ ಪರಮೇಶ್ ಎಂಬ ಹೆಸರು ಇರುವುದಿಲ್ಲ.
4. ಎರಡು ಕುರಿ ಮಾರಿದ ಬಗ್ಗೆ ದಾಖಲೆ ಇಲ್ಲ. ಕೊಟ್ಟಿಗೆ ಖಾಲಿ ಇದೆ, ಬಂದು ನೋಡಬಹುದು.

ವಿಶೇಷ ಸೂಚನೆ: ಮೇಲಿನ ಕೋರಿಕೆಗಳನ್ನು ಪರಿಶೀಲಿಸಲು ತಮಗೆ ಸಮಯ ಹಿಡಿಯಬಹುದಾದ್ದರಿಂದ, ತುರ್ತಾಗಿ ಒಂದನ್ನು ಮಾತ್ರ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ದಿನಾಂಕ 20-6-2025ರ ಶುಕ್ರವಾರ ನನಗೆ ಒಂದು ದಿನದ ಸಾಂದರ್ಭಿಕ ರಜೆ ಬೇಕಾಗಿದೆ. ರಜೆ ನಮೂನೆಯಲ್ಲಿ ಕಾರಣ ನಮೂದಿಸುವುದು ಕಡ್ಡಾಯವಾದ್ದರಿಂದ ನಮೂದಿಸಿದ್ದೇನೆ: ಆ ದಿನ ಬೆಳಗ್ಗೆ ಹನ್ನೊಂದೂವರೆಗೆ ನನಗೆ ಯಾವ ಪರೀಕ್ಷೆಯೂ ಇರುವುದಿಲ್ಲ.